ಬೋರ್ಡಿನ ಮೂಲೆಯ ಮೆಣಸಿನಕಾಯಿ

"ಆನೆ ಹಿಂದೆ ಇರೋ ಬೋರ್ಡ್ ಬರೆದ ಮಹಾನುಭಾವ ಯಾರು?!"

ಬಣ್ಣದ ಶೆಡ್ಡಿನ ಬಾಗಿಲಲ್ಲಿ ನಿಂತು ಅವಳು ಕೂಗಿದ ರಭಸಕ್ಕೆ ಒಳಗಿದ್ದ ಪೇಂಟರ್‌ಗಳೆಲ್ಲ ಬ್ರಷ್ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು.

ಅವಳ ಮೈಮೇಲೆ ಹೋಟೆಲ್ ರಿಸೆಪ್ಷನ್‌ನ ನೀಲಿ ಕೋಟು. ಎದೆಯ ಮೇಲೆ 'ನಗುನಗುತ್ತಾ ಸೇವೆ' ಎಂಬ ಬಿಲ್ಲೆ. ಮುಖದಲ್ಲಿ ಮಾತ್ರ ನಗುವಿನ ಸುಳಿವೂ ಇರಲಿಲ್ಲ. ಕೆನ್ನೆ ಕೆಂಪಾಗಿತ್ತು, ಮೂಗಿನ ತುದಿ ಇನ್ನೂ ಕೆಂಪಾಗಿತ್ತು. ಜೊತೆಯವರು ಅವಳಿಗೆ ಮೆಣಸಿನಕಾಯಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಮ್ಯಾನೇಜರ್ ಕೂಡ ಹಾಗೇ ಕರೆಯುತ್ತಿದ್ದ, ಅವಳು ಎದುರಿಗೆ ಇಲ್ಲದಾಗ.

ಮೂಲೆಯಲ್ಲಿ ಒಬ್ಬ ಏಣಿಯ ಮೇಲೆ ಕುಳಿತು ದೊಡ್ಡ ಮೊಸಳೆಯ ಹಲ್ಲಿಗೆ ಬಿಳಿ ಬಣ್ಣ ಹಚ್ಚುತ್ತಿದ್ದ. ಅವನೊಬ್ಬನೇ ಕೆಲಸ ನಿಲ್ಲಿಸಿರಲಿಲ್ಲ.

"ನಾನೇ," ಎಂದ.

"ಇಳೀರಿ ಕೆಳಗೆ!"

"ಈ ಹಲ್ಲೊಂದು ಮುಗಿಸಿ..."

"ಇಳೀರಿ ಅಂದೆ!"

ಇಳಿದ. ಒಂದೊಂದೇ ಮೆಟ್ಟಿಲು, ಯಾವ ಅವಸರವೂ ಇಲ್ಲದೆ. ಅದನ್ನು ನೋಡಿಯೇ ಅವಳಿಗೆ ಮೈಯೆಲ್ಲ ಉರಿಯಿತು.

"ಆ ಬೋರ್ಡಲ್ಲಿ ಏನು ಬರೆದಿದೀರಿ ಅಂತ ನೆನಪಿದೆಯಾ?"

"ರಾತ್ರಿ ಕಾರು ನಿಲ್ಲಿಸೋಕೆ ಬೇರೆ ಶುಲ್ಕ ಇದೆ ಅಂತ."

"ಅದನ್ನ ಓದೋಕೆ ಇರುವೆನೇ ಬರಬೇಕು! ಅಷ್ಟು ಚಿಕ್ಕ ಅಕ್ಷರ! ಅದೂ ಸಿಮೆಂಟ್ ಆನೆಯ ಹಿಂಗಾಲಿನ ಮರೇಲಿ! ಬೆಳಿಗ್ಗೆ ಒಬ್ಬರು ಬಿಲ್ ನೋಡಿ, ಎಲ್ಲಿ ಬರೆದಿದೆ ತೋರಿಸು ಅಂತ ಕೂಗಾಡಿದ್ರು. ನಾನೇನು ಹೇಳ್ಬೇಕು? ಆನೆ ಬಾಲ ಎತ್ತಿ ನೋಡಿ ಸರ್ ಅಂತಾನಾ?"

ಯಾರೋ ಕಿಸಕ್ಕನೆ ನಕ್ಕರು. ಅವಳು ತಿರುಗಿ ನೋಡಿದಳು. ಆಮೇಲೆ ಯಾರೂ ನಗಲಿಲ್ಲ.

"ಅಳತೆ ಮ್ಯಾನೇಜರ್ ಕೊಟ್ಟಿದ್ದು. ಜಾಗಾನೂ ಅವರೇ ತೋರಿಸಿದ್ರು. ನಾನು ಬರೆದೆ, ಅಷ್ಟೇ," ಎಂದ ಅವನು.

"ಅಷ್ಟೇ ಅಂತೆ! ನಿಮ್ಮ ಆ 'ಅಷ್ಟೇ'ಗೆ ದಿನಾ ಬೈಸಿಕೊಳ್ಳೋಳು ನಾನು. ನಿಮ್ಮನ್ನ ಯಾರಾದ್ರೂ ಕಳ್ಳ ಅಂತ ಕರೆದಿದಾರಾ? ಮಕ್ಕಳ ಎದುರಿಗೆ?"

ಅವನು ಬ್ರಷ್ ಕೆಳಗಿಳಿಸಿದ. ಅವಳನ್ನೇ ನೋಡಿ ಮೆಲ್ಲಗೆ ನಕ್ಕ. ವ್ಯಂಗ್ಯದ ನಗುವಲ್ಲ, ಏನು ಹೇಳಬೇಕೆಂದು ತಿಳಿಯದವನ ನಗು. ಅವಳಿಗೆ ಅದೆಲ್ಲ ಆಗ ಎಲ್ಲಿ ಗೊತ್ತಾಗಬೇಕು?

*ನಗ್ತಾನೆ ನೋಡು! ನಾಚಿಕೆ ಇಲ್ಲದವನು!*

ಕಾಲು ಅಪ್ಪಳಿಸುತ್ತಾ ಹೊರಟವಳು ಬಾಗಿಲ ಬಳಿಯಿದ್ದ ಒಂದು ಬೋರ್ಡಿನ ಮೂಲೆ ನೋಡಿ ನಿಂತಳು. ಅಲ್ಲಿ ಪುಟ್ಟದೊಂದು ಬಸವನಹುಳು ಇತ್ತು. ಆನೆಯ ಹಿಂದಿನ ಬೋರ್ಡಿನಲ್ಲೂ ಅದೇ ಇತ್ತಲ್ಲ!

"ಇದೇನು?"

"ಅವನ ಗುರುತಮ್ಮ," ಎಂದರು ಹಿರಿಯ ಪೇಂಟರ್. "ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು. ನಂದು ಛತ್ರಿ. ಬಣ್ಣ ಕಿತ್ತುಹೋದ್ರೆ ಯಾರನ್ನ ಕರೀಬೇಕು ಅಂತ ಗೊತ್ತಾಗಬೇಕಲ್ಲ? ಇವನು ನಿಧಾನ. ಅದಕ್ಕೇ ಬಸವನಹುಳು."

"ಸರಿಯಾಗೇ ಇಟ್ಟಿದೀರಿ. ಅದಕ್ಕೂ ಬೆನ್ನುಮೂಳೆ ಇರಲ್ಲ!" ಎಂದು ಹೇಳಿ ಹೊರಟೇಹೋದಳು.

ಈ ಶುಲ್ಕದ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಹೇಳದೆ ಮುಚ್ಚಿಟ್ಟರೆ ನಾನೂ ಆ ಮ್ಯಾನೇಜರ್ ಸಾಲಿಗೇ ಸೇರಿಬಿಡುತ್ತೇನೆ!

ಅದು ದೊಡ್ಡ ಮೋಜಿನ ಪಾರ್ಕು. ನೀರಿನ ಜಾರುಬಂಡೆ, ಪುಟ್ಟ ರೈಲು, ಮುಗಿಲೆತ್ತರದ ತೊಟ್ಟಿಲು. ಪಾರ್ಕಿನ ಒಳಗೇ ಹೋಟೆಲ್. ಮಕ್ಕಳು ಹಟ ಹಿಡಿಯುತ್ತವೆ, ಅಪ್ಪ ಅಮ್ಮ ಒಂದು ರಾತ್ರಿಗೆ ರೂಮು ಮಾಡುತ್ತಾರೆ. ರೂಮಿನ ಬಾಡಿಗೆ ಕೊಟ್ಟ ಮೇಲೆ ಕಾರಿಗೆ ಜಾಗವೂ ಅದರಲ್ಲೇ ಬಂತು ಎಂದುಕೊಳ್ಳುತ್ತಾರೆ. ಯಾರಾದರೂ ಹಾಗೇ ಅಂದುಕೊಳ್ಳುವುದು! ಕಾರನ್ನೇನು ಮಂಚದ ಪಕ್ಕ ಮಲಗಿಸಿಕೊಳ್ಳಲಾಗುತ್ತದೆಯೇ?

ಬೆಳಿಗ್ಗೆ ಕೀ ಹಿಂದಿರುಗಿಸುವಾಗ ಬಿಲ್ಲಿನ ತಳದಲ್ಲಿ ಒಂದು ಸಾಲು ಇರುತ್ತದೆ. ರಾತ್ರಿ ಪಾರ್ಕಿಂಗ್. ಅಲ್ಲಿಂದ ಶುರು, ರಂಪಾಟ.

ರಿಸೆಪ್ಷನ್‌ನವರಿಗೆ ಮ್ಯಾನೇಜರ್ ಕಲಿಸಿದ್ದ ಪಾಠ ಒಂದೇ. "ಕೇಳಿದರೆ ಹೇಳು, ಕೇಳದಿದ್ದರೆ ನಗು." ಮೊದಲೇ ಹೇಳೋಣ ಎಂದು ಅವಳು ಎಷ್ಟು ಸಲ ಕೇಳಿದರೂ ಅವನು ಒಪ್ಪಲಿಲ್ಲ. ಬಂದ ಕೂಡಲೇ ಹೇಳಿದರೆ ಜನ ಕಾರು ತಿರುಗಿಸಿಕೊಂಡು ಬೇರೆ ಹೋಟೆಲ್ಲಿಗೆ ಹೋಗುತ್ತಾರೆ ಎಂಬ ಭಯ ಅವನಿಗೆ. ಬೈಗುಳ ತಿನ್ನುವವರು ಕೌಂಟರಿನ ಹುಡುಗಿಯರು ತಾನೇ, ಅವನಿಗೇನು ನಷ್ಟ?

"ಬೇರೆ ಕೆಲಸ ನೋಡ್ಕೋಬಾರದಾ?" ಎಂದು ನೀವು ಕೇಳಬಹುದು. ಅವಳಿಗೆ ಅದು ಅಷ್ಟು ಸುಲಭವಾಗಿರಲಿಲ್ಲ.

ಅಪ್ಪ ಹೋದ ಮೇಲೆ ಅವಳೂ ಅಮ್ಮನೂ ಅಣ್ಣನ ಮನೆಯಲ್ಲಿದ್ದರು. ಅಲ್ಲಿ ಅಮ್ಮ ಒಂದು ಲೋಟ ಕಾಫಿ ಬೇಕೆಂದರೂ ಅತ್ತಿಗೆಯ ಮುಖ ನೋಡಬೇಕಿತ್ತು. ಒಂದು ದಿನ ಅತ್ತಿಗೆ ಅಮ್ಮನ ಎದುರೇ ಅಡುಗೆಮನೆಗೆ ಬೀಗ ಹಾಕಿದಳು. ಅಣ್ಣ ಪೇಪರ್‌ನಿಂದ ತಲೆಯೆತ್ತಲಿಲ್ಲ. ಅವಳು ಕೂಗಾಡಿದಾಗ ಮಾತ್ರ ತಲೆಯೆತ್ತಿ, "ನಿನ್ನ ಬಾಯಿಗೆ ಯಾವ ಮನೇಲೂ ಜಾಗ ಸಿಗಲ್ಲ," ಎಂದ.

ಅವತ್ತೇ ಅಮ್ಮನ ಕೈ ಹಿಡಿದು ಹೊರಬಂದಳು. ಈ ಕೆಲಸ ಸಿಕ್ಕ ಮೇಲೆ ಪುಟ್ಟದೊಂದು ಬಾಡಿಗೆ ಮನೆ ಮಾಡಿದಳು. ಈಗ ಅಮ್ಮ ಕಿಟಕಿಯ ಪಕ್ಕ ಕಾಲು ಚಾಚಿ ಕುಳಿತು, ತನಗೆ ಬೇಕಾದಾಗ ಕಾಫಿ ಮಾಡಿಕೊಂಡು ಕುಡಿಯುತ್ತಾಳೆ. ಕೆಲಸ ಹೋದರೆ ಆ ಕಿಟಕಿಯೂ ಹೋಗುತ್ತದೆ. ಮತ್ತೆ ಅಣ್ಣನ ಮನೆ, ಅತ್ತಿಗೆಯ ಬೀಗ.

ಅದಕ್ಕೇ ಅವಳು ಕೌಂಟರಿನಲ್ಲಿ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ಉಳಿದ ಕೋಪವನ್ನೆಲ್ಲ ಹೊರಗೆ ಸುರಿಯುತ್ತಿದ್ದಳು.

ಮರುದಿನ ಬೆಳಿಗ್ಗೆ ಆ ಬಸವನಹುಳು ಏಣಿ ಹೊತ್ತು ಲಾಬಿಗೇ ಬಂದುಬಿಟ್ಟಿತು!

ಗೋಡೆಯ ಮೇಲಿನ ಗಿಳಿಯ ರೆಕ್ಕೆಗೆ ಬಣ್ಣ ಹಚ್ಚಬೇಕಂತೆ. ಗಿಳಿ ಚೆನ್ನಾಗೇ ಇತ್ತು. ಅವಳು ಓರೆಗಣ್ಣಲ್ಲಿ ನೋಡಿ ಮುಖ ತಿರುಗಿಸಿದಳು.

ಆಗಲೇ ಬಂದ ಒಬ್ಬ ದಪ್ಪ ಮೀಸೆಯ ಯಜಮಾನ. ಹಿಂದೆ ಹೆಂಡತಿ, ನಿದ್ದೆಗಣ್ಣಿನ ಇಬ್ಬರು ಮಕ್ಕಳು.

"ಏನಿದು ರಾತ್ರಿ ಪಾರ್ಕಿಂಗ್? ನಿನ್ನೆ ಕೀ ಕೊಡುವಾಗ ಹಲ್ಲು ಕಿರಿದೆಯಲ್ಲ, ಆವಾಗ ಬಾಯಲ್ಲಿ ಏನಿತ್ತು?"

"ಸರ್, ಅದು ನಿಯಮ..."

"ನಿಯಮ ಅಲ್ಲ, ಮೋಸ! ನಿಮ್ಮ ಮನೇಲಿ ಇದನ್ನೇ ಕಲಿಸಿದ್ದಾ? ನಿಮ್ಮಮ್ಮ ಕಲಿಸಿದ್ದಾ?"

ಕೀ ಕಾರ್ಡ್ ಹಾರಿಬಂದು ಅವಳ ಹಣೆಗೆ ತಗುಲಿ ಕೆಳಗೆ ಬಿತ್ತು.

ಅವಳ ಬಾಯಿಗೆ ಬಂದ ಮಾತು ಎಂಥದ್ದಿತ್ತು ಎಂದು ನಾನು ಬರೆಯುವುದಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಓಡಿಬಂದ.

"ಕ್ಷಮೆ ಕೇಳು," ಎಂದ. ಹೇಳಿದ್ದು ಯಜಮಾನನಿಗಲ್ಲ, ಅವಳಿಗೆ!

ಕಿಟಕಿಯ ಪಕ್ಕ ಕಾಲು ಚಾಚಿ ಕುಳಿತ ಅಮ್ಮ ಅವಳ ಕಣ್ಣ ಮುಂದೆ ಬಂದಳು.

"...ತಪ್ಪಾಯ್ತು ಸರ್."

ಏಣಿಯ ಮೇಲಿದ್ದವನ ಬ್ರಷ್ಷಿನಿಂದ ಹಸಿರು ಬಣ್ಣ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಇಳಿದು ಬಂದು, ಕೆಳಗೆ ಬಿದ್ದಿದ್ದ ಕಾರ್ಡನ್ನು ಎತ್ತಿ ಕೌಂಟರಿನ ಮೇಲಿಟ್ಟ.

"ನಿನ್ನೆ ನೀವು ಹೇಳಿದ್ದು ಸರಿ," ಎಂದ ತಗ್ಗಿದ ದನಿಯಲ್ಲಿ. "ಬರೆದವನು ನಾನು. ಬೈಸಿಕೊಳ್ಳೋರು ನೀವು."

"ಬೋಧನೆ ಬೇಡ. ಗಿಳಿ ನೋಡ್ಕೊಳ್ಳಿ, ಹೋಗಿ."

ಅವಳ ದನಿ ಒಡೆಯಿತು. ಅದಕ್ಕೂ ಅವಳಿಗೆ ಅವನ ಮೇಲೇ ಸಿಟ್ಟು ಬಂತು.

ಅವತ್ತಿನಿಂದ ಕ್ಯಾಂಟೀನಿನಲ್ಲಿ ಅವನು ಅವಳ ಎದುರಿನ ಕುರ್ಚಿಯಲ್ಲಿ ಕೂರಲು ಶುರುಮಾಡಿದ. ಮಾತು ಕಡಿಮೆ. ಬಡಬಡ ಎನ್ನುವವಳು ಅವಳೇ. ಕೌಂಟರಿನ ಜಗಳ, ಮ್ಯಾನೇಜರಿನ ನಾಟಕ, ಅಣ್ಣನ ಮಾತು, ಅತ್ತಿಗೆಯ ಬೀಗ... ಎಲ್ಲವನ್ನೂ ಹೇಳುತ್ತಿದ್ದಳು. ಅವನು ಕೇಳುತ್ತಿದ್ದ. ಕೊನೆಗೆ ಅದೇ ನಗು.

"ನಿಮಗೆ ಸಿಟ್ಟೇ ಬರಲ್ವಾ?" ಎಂದು ಒಂದು ದಿನ ಕೇಳಿದಳು.

"ಬರುತ್ತೆ. ನಿಧಾನಕ್ಕೆ."

"ಬಂದಾಗ ಏನು ಮಾಡ್ತೀರಿ?"

"ಇನ್ನೂ ಗೊತ್ತಿಲ್ಲ."

ಅವಳಿಗೆ ನಗು ಬಂತು. ಬಿಲ್ಲೆಗಾಗಿ ನಗುವ ನಗುವಲ್ಲ, ನಿಜವಾದದ್ದು. ಅವನು ಊಟ ಮಾಡುವುದನ್ನು ಬಿಟ್ಟು ಆ ನಗುವನ್ನೇ ನೋಡಿದ.

*ಏನಾದ್ರೂ ಹೇಳ್ತಾನಾ...?* ಎಂದು ಅವಳು ಕಾದಳು. ಅವನು ಏನೂ ಹೇಳಲಿಲ್ಲ. ತಟ್ಟೆ ಎತ್ತಿಕೊಂಡು ಹೋದ. ಇಂಥವನ ಜೊತೆ ಏನು ಮಾಡುವುದು ಹೇಳಿ!

ಮುಂದಿನ ವಾರ ಗೇಟಿನ ಎದುರು ಒಂದು ಹೊಸ ಬೋರ್ಡ್ ಎದ್ದಿತು.

ಆನೆಯ ಹಿಂದೆ ಅಲ್ಲ, ಆನೆಯ ಮುಂದೆ! ಆನೆಯೇ ಕಾಣದ ಹಾಗೆ! ಒಂದೊಂದು ಅಕ್ಷರವೂ ಮಗುವಿನ ಎತ್ತರ.

'ರಾತ್ರಿ ಕಾರು ನಿಲ್ಲಿಸಲು ಬೇರೆ ಶುಲ್ಕ ಇದೆ. ರೂಮಿನ ಬಾಡಿಗೆಯಲ್ಲಿ ಸೇರಿಲ್ಲ. ಈಗಲೇ ತಿಳಿದುಕೊಂಡು ಒಳಗೆ ಬನ್ನಿ. ಕೌಂಟರಿನಲ್ಲಿ ಇರುವವರನ್ನು ಬೈಯಬೇಡಿ.'

ಮ್ಯಾನೇಜರ್ ರಜೆಯಲ್ಲಿದ್ದ. ಬೋರ್ಡ್ ಒಂದು ದಿನ ಪೂರ್ತಿ ನಿಂತಿತ್ತು. ಕೆಲವು ಕಾರುಗಳು ತಿರುಗಿ ಹೋದವು, ನಿಜ. ಆದರೆ ಒಳಗೆ ಬಂದವರು ಮರುದಿನ ಬೆಳಿಗ್ಗೆ ಬಿಲ್ ನೋಡಿದರು, ಶುಲ್ಕ ಕೊಟ್ಟರು, ಮಕ್ಕಳ ಕೈ ಹಿಡಿದು ಹೋದರು. ಒಬ್ಬರೂ ಕೂಗಲಿಲ್ಲ! ಆ ಬೆಳಿಗ್ಗೆ ಅವಳಿಗೆ ಕೌಂಟರಿನಲ್ಲಿ ನಿಂತು ಏನು ಮಾಡಬೇಕೆಂದೇ ತೋಚಲಿಲ್ಲ. ಅವನನ್ನು ಹುಡುಕಿಕೊಂಡು ಹೋಗಿ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದುಕೊಂಡಳು.

ಅಷ್ಟರಲ್ಲಿ ರಜೆ ಮುಗಿಸಿಕೊಂಡು ಬಂದ ಮ್ಯಾನೇಜರಿನಿಂದ ಕರೆ ಬಂತು.

"ಯಾರ ಕೆಲಸ ಇದು?" ಎಂದ ಮ್ಯಾನೇಜರ್, ಫೋನಿನಲ್ಲಿ ತೆಗೆದ ಬೋರ್ಡಿನ ಫೋಟೋ ತೋರಿಸುತ್ತಾ.

"ನನಗೆ ಗೊತ್ತಿಲ್ಲ ಸರ್."

"ಗೊತ್ತಿಲ್ವಾ? ಹಾಗಾದ್ರೆ ಈ ಮೂಲೆ ನೋಡು."

ನೋಡಿದಳು. ಬಸವನಹುಳು ಇರಬೇಕಾದ ಜಾಗದಲ್ಲಿ ಪುಟ್ಟದೊಂದು ಕೆಂಪು ಮೆಣಸಿನಕಾಯಿ ಇತ್ತು. ಹಸಿರು ತೊಟ್ಟು, ಸ್ವಲ್ಪ ಡೊಂಕು ಮೂತಿ.

ಅವಳು ಫೋನನ್ನು ಕಣ್ಣ ಹತ್ತಿರ ತಂದು ಮತ್ತೆ ನೋಡಿದಳು.

"ಇಡೀ ಹೋಟೆಲ್ಲಿಗೆ ಗೊತ್ತು ಮೆಣಸಿನಕಾಯಿ ಯಾರು ಅಂತ. ಇಷ್ಟು ದಿನ ಮೊದಲೇ ಹೇಳೋಣ, ಮೊದಲೇ ಹೇಳೋಣ ಅಂತ ತಲೆ ತಿಂದೋಳೂ ನೀನೇ. ನಾಳೆ ಬೆಳಿಗ್ಗೆ ಬಂದು ನಿನ್ನ ಲೆಕ್ಕ ಮುಗಿಸಿಕೊಂಡು ಹೋಗು."

ಶೆಡ್ಡಿಗೆ ಹೇಗೆ ಬಂದಳೋ ಅವಳಿಗೇ ತಿಳಿಯದು.

"ಯಾಕೆ ಬರೆದ್ರಿ? ಆ ಮೆಣಸಿನಕಾಯಿ ಯಾಕೆ ಬರೆದ್ರಿ?!"

ಅವನು ಗಾಬರಿಯಾದ. "ಅದು... ಆ ಬೋರ್ಡ್ ನಿಮ್ಮದು ಅನ್ನಿಸ್ತು. ಮಾತೆಲ್ಲ ನಿಮ್ಮದೇ. ನನ್ನ ಗುರುತು ಹಾಕೋಕೆ ಮನಸ್ಸು ಬರಲಿಲ್ಲ. ಕೈ ತಾನಾಗೇ..."

"ಕೈ ತಾನಾಗೇ! ನಿಮ್ಮ ಕೈ ನನ್ನ ತಲೆ ಮೇಲೆ ಗೂಬೆ ಕೂರಿಸ್ತು! ನನ್ನ ಕೆಲಸ ಹೋಯ್ತು. ಅಮ್ಮನ್ನ ಮತ್ತೆ ಆ ಬೀಗದ ಮನೆಗೆ ಕರ್ಕೊಂಡು ಹೋಗ್ಬೇಕು. ಗೊತ್ತಾ ನಿಮಗೆ?"

ಅವನ ಮುಖ ಬಿಳಿಚಿತು. "ನಾನು ಯೋಚನೆ ಮಾಡಲಿಲ್ಲ..."

"ನನ್ನನ್ನ ಒಂದು ಮಾತು ಕೇಳಿದ್ರಾ? ಆ ಮ್ಯಾನೇಜರೂ ಹಾಗೇ, ನೀವೂ ಹಾಗೇ. ಅವನು ಮುಚ್ಚಿಟ್ಟು ನನ್ನ ಬೈಸ್ತಾನೆ, ನೀವು ಬರೆದಿಟ್ಟು ನನ್ನ ಬೀದಿಗೆ ತರ್ತೀರಿ! ನಿಮ್ಮ ಮುಖ ನೋಡೋಕೂ ನನಗೆ ಇಷ್ಟ ಇಲ್ಲ!"

ಈ ಸಲ ಅವನು ನಗಲಿಲ್ಲ.

ಸ್ಕೂಟರ್ ಓಡಿಸಿಕೊಂಡು ಮನೆಗೆ ಹೋಗುವಾಗ ಅವಳಿಗೆ ದಾರಿ ಮಂಜಾಗಿ ಕಾಣುತ್ತಿತ್ತು. ಕೆಲಸ ಹೋದ ದುಃಖ ಎಂದು ತನಗೆ ತಾನೇ ಹೇಳಿಕೊಂಡಳು. ಪೂರ್ತಿ ನಿಜವಲ್ಲ. ಅವನ ಬಿಳಿಚಿದ ಮುಖ ಕಣ್ಣಿನಿಂದ ಹೋಗುತ್ತಿರಲಿಲ್ಲ.

ಅಮ್ಮ ಎಲ್ಲವನ್ನೂ ಕೇಳಿ, ಕಾಫಿ ಲೋಟ ಕೈಗಿಟ್ಟಳು.

"ಆ ಹುಡುಗ ಸುಳ್ಳು ಬರೆದಿದ್ನಾ?"

"ಇಲ್ಲಮ್ಮ."

"ಮತ್ತೆ?"

"ನನ್ನನ್ನ ಕೇಳದೆ ಬರೆದ."

"ಅದು ತಪ್ಪು. ಬೈದಿದ್ದು ಸರಿ." ಅಮ್ಮ ಕಿಟಕಿಯ ಪಕ್ಕ ಕುಳಿತು ಕಾಲು ಚಾಚಿದಳು. "ಆದ್ರೆ ನಿನ್ನ ಸಿಟ್ಟನ್ನ ಇಷ್ಟು ದೊಡ್ಡದಾಗಿ ಬರೆದು ನಿಲ್ಲಿಸಿದೋರು ಇದುವರೆಗೂ ಯಾರೂ ಇರಲಿಲ್ಲ ಕಣೆ. ನಿಮ್ಮಣ್ಣ ಅಂತೂ ಬಾಯಿ ಮುಚ್ಚು ಅಂತಲೇ ಹೇಳಿದ."

ಅವಳು ಲೋಟದಿಂದ ಮುಖವೆತ್ತಲಿಲ್ಲ.

ಬೆಳಿಗ್ಗೆ ಗೇಟು ದಾಟುವಾಗ ದೊಡ್ಡ ಬೋರ್ಡ್ ಇರಲಿಲ್ಲ. ಮ್ಯಾನೇಜರ್ ತೆಗೆಸಿಬಿಟ್ಟಿದ್ದ. ಆನೆ ಮತ್ತೆ ಸೊಂಡಿಲೆತ್ತಿ ನಿಂತಿತ್ತು.

ಟಿಕೆಟ್ ಕೌಂಟರಿನ ಬೋರ್ಡ್ ಮುಂದೆ ಅವಳ ಸ್ಕೂಟರ್ ನಿಧಾನವಾಯಿತು. ಮೂಲೆಯಲ್ಲಿ... ಮೆಣಸಿನಕಾಯಿ!

'ಕುಡಿಯುವ ನೀರು', ಮೆಣಸಿನಕಾಯಿ. 'ಶೌಚಾಲಯ ಈ ಕಡೆ', ಅಲ್ಲೂ ಮೆಣಸಿನಕಾಯಿ. ಪುಟ್ಟ ರೈಲಿನ ನಿಲ್ದಾಣ, ಜಾರುಬಂಡೆ, ಕಳೆದುಹೋದ ಮಕ್ಕಳ ಕೊಠಡಿ, 'ಹುಲ್ಲಿನ ಮೇಲೆ ನಡೆಯಬೇಡಿ'... ಅವನು ಇದುವರೆಗೆ ಬರೆದ ಬೋರ್ಡುಗಳಲ್ಲೆಲ್ಲ ಬಸವನಹುಳು ಮಾಯವಾಗಿ, ಹಸಿರು ತೊಟ್ಟಿನ ಕೆಂಪು ಮೆಣಸಿನಕಾಯಿ ಕೂತಿತ್ತು. ಕೆಲವು ಇನ್ನೂ ಒಣಗಿರಲಿಲ್ಲ. ಅವಳು ಒಂದನ್ನು ಮುಟ್ಟಿದಳು. ಬೆರಳು ಕೆಂಪಾಯಿತು.

*ಅಯ್ಯೋ ಹುಚ್ಚ... ಏನು ಮಾಡ್ಕೊಂಡೆ...*

ಅವಳು ಲಾಬಿಗೆ ಓಡಿದಳು.

ಅಲ್ಲಿ ಕೀ ಹಿಂದಿರುಗಿಸಲು ಜನ ಸಾಲಾಗಿ ನಿಂತಿದ್ದರು. ಸಾಲಿನ ಪಕ್ಕದಲ್ಲಿ ಮ್ಯಾನೇಜರ್, ಅವನ ಎದುರು ಕೈಯೆಲ್ಲ ಕೆಂಪಾದ ಪೇಂಟರ್.

"ಎಲ್ಲಾ ಬೋರ್ಡ್ ನೋಡಿಕೊಂಡು ಬನ್ನಿ ಸರ್," ಎನ್ನುತ್ತಿದ್ದ ಅವನು. "ಮೆಣಸಿನಕಾಯಿ ನನ್ನ ಗುರುತು. ಬೋರ್ಡ್ ಬರೆದವನೂ ನಾನು, ನಿಲ್ಲಿಸಿದವನೂ ನಾನು. ಕೆಲಸದಿಂದ ತೆಗೆಯೋದಾದ್ರೆ ನನ್ನನ್ನ ತೆಗೀರಿ. ಅವರಿಗೂ ಇದಕ್ಕೂ ಯಾವ ಸಂಬಂಧಾನೂ ಇಲ್ಲ."

"ಸರಿ," ಎಂದ ಮ್ಯಾನೇಜರ್, ಅವಳನ್ನು ನೋಡಿ. "ನೀನೂ ಅದನ್ನೇ ಹೇಳು. ಸಂಬಂಧ ಇಲ್ಲ ಅನ್ನು, ನಿನ್ನ ಕೆಲಸ ಉಳಿಯುತ್ತೆ. ಇವನು ಹೋಗ್ತಾನೆ."

ಅವನು ಕಣ್ಣಲ್ಲೇ ಬೇಡಿಕೊಂಡ. ಹೇಳಿಬಿಡಿ... ಅಮ್ಮ, ಕಿಟಕಿ... ಹೇಳಿಬಿಡಿ.

ಹೇಳಿಬಿಡಬಹುದಿತ್ತು. ಎರಡು ಪದ. ಆದರೆ ಅವಳ ಮೂಗಿನ ತುದಿ ಕೆಂಪಾಗತೊಡಗಿತ್ತು!

"ಸಂಬಂಧ ಇಲ್ಲ ಅನ್ನೋಕೆ ನೀವ್ಯಾರು?" ಎಂದಳು.

ಮ್ಯಾನೇಜರಿಗಲ್ಲ. ಪೇಂಟರಿಗೆ!

"ಮೊದಲು ಕೇಳದೆ ಬರೆದ್ರಿ. ಈಗ ಕೇಳದೆ ಸಂಬಂಧ ಕಡಿದು ಹಾಕ್ತೀರಾ? ನನ್ನ ಬಗ್ಗೆ ಎಲ್ಲಾನೂ ನೀವೇ ತೀರ್ಮಾನ ಮಾಡೋದಾ? ಸಂಬಂಧ ಇದೆ! ಕೇಳಿಸಿಕೊಳ್ಳಿ ಸರ್ ನೀವೂ. ಬೋರ್ಡ್ ಇವರು ನನ್ನನ್ನ ಕೇಳದೆ ಬರೆದ್ರು, ಅದು ಇವರ ತಪ್ಪು. ಅದಕ್ಕೆ ಇವರನ್ನ ಬೈಯೋಕೆ ನಾನಿದೀನಿ. ಆದ್ರೆ ಅದರಲ್ಲಿದ್ದ ಒಂದೊಂದು ಅಕ್ಷರಾನೂ ನಂದೇ!"

"ಹಾಗಾದ್ರೆ ನೀನೂ..." ಎಂದು ಮ್ಯಾನೇಜರ್ ಬೆರಳೆತ್ತಿದ.

"ಇವತ್ತಿನಿಂದ ಬಂದವರಿಗೆಲ್ಲ ಕೀ ಕೊಡೋಕೆ ಮುಂಚೆ ನಾನೇ ಬಾಯಿಬಿಟ್ಟು ಹೇಳ್ತೀನಿ, ಕಾರಿಗೆ ಬೇರೆ ಶುಲ್ಕ ಇದೆ ಅಂತ. ಅದಕ್ಕೆ ನನ್ನನ್ನ ತೆಗೀಬೇಕಾ? ತೆಗೀರಿ. ಇವರೆಲ್ಲರ ಎದುರಿಗೆ, ಕಾರಣ ಹೇಳಿ ತೆಗೀರಿ!"

ಸಾಲಿನಲ್ಲಿದ್ದವರೆಲ್ಲ ಈಗ ಮ್ಯಾನೇಜರನ್ನೇ ನೋಡುತ್ತಿದ್ದರು.

ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದುಕೊಂಡೇ ಕೇಳಿದರು. "ಬೋರ್ಡ್ ತೆಗೆಸಿದ್ದು ನೀವೇನಪ್ಪಾ? ನಾವು ಮೊನ್ನೆ ಬಂದಾಗ ಅದನ್ನ ಓದೇ ಒಳಗೆ ಬಂದ್ವಿ. ಹೇಳಿ ತಗೋತಾರಲ್ಲ, ಇವರು ಪರವಾಗಿಲ್ಲ ಅಂದುಕೊಂಡ್ವಿ. ನೋಡಿದ್ರೆ ಹೇಳಿದೋರನ್ನೇ ಓಡಿಸ್ತೀರಾ?"

"ಏನು, ಬೇರೆ ಶುಲ್ಕಾನಾ?!" ಎಂದು ಸಾಲಿನ ಹಿಂದಿನಿಂದ ಒಬ್ಬರು ಬಿಲ್ ಬಿಡಿಸಿ ನೋಡಿದರು. "ನನಗ್ಯಾರೂ ಹೇಳಲೇ ಇಲ್ವಲ್ರೀ! ಬನ್ನಿ ಇಲ್ಲಿ, ಮ್ಯಾನೇಜರ್ರೇ!"

ಬನ್ನಿ ಇಲ್ಲಿ, ಮ್ಯಾನೇಜರ್ರೇ! ಅವಳು ಕಾಯುತ್ತಿದ್ದ ಮಾತು ಕೊನೆಗೂ ಸರಿಯಾದ ವಿಳಾಸಕ್ಕೆ ತಲುಪಿತು.

"ಆಮೇಲೆ... ಆಮೇಲೆ ಮಾತಾಡೋಣ," ಎಂದು ಅವಳಿಗೆ ಹೇಳಿ ಮ್ಯಾನೇಜರ್ ಆ ಕಡೆ ಓಡಿದ. ಆ 'ಆಮೇಲೆ' ಬರಲೇ ಇಲ್ಲ. ಪೇಂಟರಿನ ಕೆಲಸ ಮಾತ್ರ ಅವತ್ತೇ ಹೋಯಿತು. ಮೇಲಿನವರಿಗೆ ತೋರಿಸಲು ಮ್ಯಾನೇಜರಿಗೆ ಒಬ್ಬನಾದರೂ ಬೇಕಿತ್ತು. ಅವಳು ಸಾಲು ಮುಗಿಸಿ ತಲೆಯೆತ್ತುವಷ್ಟರಲ್ಲಿ ಅವನು ಲಾಬಿಯಲ್ಲಿ ಇರಲಿಲ್ಲ.

ಸಂಜೆ ಅವಳು ಗೇಟಿನಿಂದ ಹೊರಬಂದಾಗ ರಸ್ತೆಯ ಆಚೆ ಅವನು ಕಂಡ. ಏಣಿಯ ಮೇಲೆ!

ಗೇಟಿಗೆ ಎದುರಾಗಿ ಒಂದು ಪಂಕ್ಚರ್ ಅಂಗಡಿ. ಅದರ ಪಕ್ಕದ ಉದ್ದನೆಯ ಗೋಡೆ ನಿನ್ನೆಯವರೆಗೂ ಬೋಳಾಗಿತ್ತು. ಈಗ ಅದರ ಮೇಲೆ ಮಗುವಿನ ಎತ್ತರದ ಅಕ್ಷರಗಳು ಏಳುತ್ತಿದ್ದವು. 'ಮುಂದಿರುವ ಹೋಟೆಲ್ಲಿನಲ್ಲಿ ರಾತ್ರಿ ಕಾರು ನಿಲ್ಲಿಸಲು ಬೇರೆ...'

ಅವಳು ಏಣಿಯ ಬುಡದಲ್ಲಿ ಸ್ಕೂಟರ್ ನಿಲ್ಲಿಸಿದಳು.

"ಇಳೀರಿ ಕೆಳಗೆ."

"ಈ ಅಕ್ಷರ ಒಂದು ಮುಗಿಸಿ..."

"ಇಳೀರಿ ಅಂದೆ!"

ಇಳಿದ. ಈ ಸಲ ಎರಡೆರಡು ಮೆಟ್ಟಿಲು ಒಟ್ಟಿಗೆ.

"ಗೋಡೆ ಅಂಗಡಿಯವರದ್ದು," ಎಂದ ಅವಸರದಲ್ಲಿ. "ಅವರನ್ನ ಕೇಳೇ ಬರೀತಿದೀನಿ. ಹಿಂದಿನ ಕೋಣೆನೂ ಬಾಡಿಗೆಗೆ ಕೊಡ್ತಾರಂತೆ, ಅಲ್ಲಿ ಬೋರ್ಡ್ ಬರೆಯೋ ಅಂಗಡಿ ಇಡೋಣ ಅಂತಿದೀನಿ. ಮೂಲೇಲಿ ಏನೂ ಹಾಕಿಲ್ಲ, ನೋಡಿ. ನಿಮ್ಮನ್ನ ಕೇಳಿ ಹಾಕೋಣ ಅಂತ ಬಿಟ್ಟಿದೀನಿ."

ಅವಳು ಮೂಲೆ ನೋಡಿದಳು. ಖಾಲಿ ಇತ್ತು.

"ಸಿಟ್ಟು ಬಂದ್ರೆ ಏನು ಮಾಡ್ತೀರಿ ಅಂತ ಈಗ ಗೊತ್ತಾಯ್ತು," ಎಂದಳು.

ಅವನು ನಕ್ಕ. ಅದೇ ನಗು.

"ನಗಬೇಡಿ! ಕೇಳಿದರೆ ಹೇಳು, ಕೇಳದಿದ್ದರೆ ನಗು... ಅದು ಆ ಮ್ಯಾನೇಜರ್ ಪಾಠ. ನೀವು ಅವನಿಗಿಂತ ಚೆನ್ನಾಗಿ ಕಲಿತಿದೀರಿ. ಮೊದಲ ದಿನದಿಂದ ಬರೀ ನಗ್ತಾನೇ ಇದೀರಿ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಈಗ ನಾನು ಕೇಳ್ತಿದೀನಿ. ಹೇಳಿ."

ಅವನ ಕೈಯಲ್ಲಿದ್ದ ಬ್ರಷ್ ಕೆಳಗೆ ಬಿತ್ತು.

"ಇಷ್ಟ," ಎಂದ. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದ. "ತುಂಬಾ ಇಷ್ಟ. ನೀವು ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದಾಗಿಂದ. ಗಿಳಿಗೆ ಬಣ್ಣ ಬೇಕಾಗಿರಲಿಲ್ಲ."

"ಅದು ನನಗೆ ಅವತ್ತೇ ಗೊತ್ತು."

ಅವಳು ಬಗ್ಗಿ ಬ್ರಷ್ ಎತ್ತಿಕೊಂಡಳು. ಕೆಂಪು ಡಬ್ಬಿಯಲ್ಲಿ ಅದ್ದಿ, ಗೋಡೆಯ ಮೂಲೆಯಲ್ಲಿ ಒಂದು ಸೊಟ್ಟ ಮೆಣಸಿನಕಾಯಿ ಬರೆದಳು. ಅದರ ಪಕ್ಕ, ತಾಗಿಕೊಂಡೇ, ಇನ್ನೂ ಸೊಟ್ಟದಾದ ಒಂದು ಬಸವನಹುಳು.

"ಇದಕ್ಕೆ ಬೆನ್ನುಮೂಳೆ ಇರಲ್ಲ ಅಂದಿದ್ರಿ," ಎಂದ ಅವನು.

"ಬೆನ್ನ ಮೇಲೆ ಮನೆ ಇರುತ್ತಲ್ಲ." ಅವಳು ಗೋಡೆಯಿಂದ ಮುಖ ತಿರುಗಿಸಲಿಲ್ಲ. "ಆ ಮನೇಲಿ ಜಾಗ ಇದೆಯಾ? ನನ್ನ ಬಾಯಿಗೆ ಯಾವ ಮನೇಲೂ ಜಾಗ ಸಿಗಲ್ಲ ಅಂತ ಒಬ್ಬರು ಹೇಳಿದಾರೆ."

"ಬಾಯಿಗೇ ಮೊದಲು ಜಾಗ."

"ಅಮ್ಮನಿಗೆ?"

"ಕಿಟಕಿ ಪಕ್ಕ."

ಅವಳ ಕಣ್ಣು ತುಂಬಿ ಬಂತು. ಅದನ್ನು ಮರೆಸಲು ಹುಬ್ಬು ಗಂಟಿಕ್ಕಿ, ತನ್ನ ಹಳೆಯ ಸ್ಕೂಟರ್ ಕಡೆ ಬೆರಳು ತೋರಿಸಿದಳು.

"ರಾತ್ರಿ ಇದನ್ನ ನಿಲ್ಲಿಸೋಕೆ ಬೇರೆ ಶುಲ್ಕ ಏನಾದ್ರೂ ಇದೆಯಾ? ಇದ್ರೆ ಈಗಲೇ ಹೇಳಿಬಿಡಿ."

"ಇದೆ," ಎಂದ ಅವನು.

"ಏನು?!"

"ದಿನಾ ನನ್ನನ್ನ ಬೈಯಬೇಕು."

"ಅಷ್ಟೇನಾ?" ಎಂದು ಅವಳು ಬಣ್ಣದ ಕೈಯಲ್ಲೇ ಅವನ ಕೈ ಹಿಡಿದುಕೊಂಡಳು. "ಹಾಗಾದ್ರೆ ಇವತ್ತಿಂದಲೇ ಶುರು!"